200 ಗ್ರಾಂ ಅಡುಗೆಮನೆ, ಒಂದು ಲೋಟ ಬೆಲ್ಲದ ಕಾಫಿ

ಮೊದಲ ಸಲ ಹಿಮಾಲಯಕ್ಕೆ ಹೋದಾಗ ನನ್ನ ಬ್ಯಾಗಿನಲ್ಲಿ ಅಡುಗೆ ಸಾಮಾನೇ 1,400 ಗ್ರಾಂ ಇತ್ತು. ಸ್ಟೀಲ್ ಪಾತ್ರೆ, ಮುಚ್ಚಳ, ತಟ್ಟೆ, ಎರಡು ಲೋಟ, ಭಾರದ ಸ್ಟವ್, ಮನೆಯಿಂದ ತಂದ ಪುಟ್ಟ ಕಾಫಿ ಫಿಲ್ಟರ್. ಗ್ಯಾಸಿನ ತೂಕ ಬೇರೆ. ಕಾಫಿ ಇಲ್ಲದೆ ನನಗೆ ಬೆಳಗಾಗುವುದಿಲ್ಲ, ಹಾಗಾಗಿ 190 ಗ್ರಾಂನ ಫಿಲ್ಟರನ್ನು ಬಿಟ್ಟುಹೋಗುವ ಯೋಚನೆಯೇ ಬಂದಿರಲಿಲ್ಲ. ಆದರೆ ಆ ಚಳಿಯಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಮತ್ತೆ ಕಾಯಿಸಿದರೆ ರುಚಿಯೂ ಹೋಯಿತು, ಗ್ಯಾಸೂ ಹೋಯಿತು.

ಪರಿಹಾರ ಸಿಕ್ಕಿದ್ದು ಕೊಪ್ಪದ ಹತ್ತಿರದ ಅಜ್ಜಿ ಮನೆಯಲ್ಲಿ. ಅಲ್ಲಿ ಫಿಲ್ಟರ್ ಎಂಬುದೇ ಇರಲಿಲ್ಲ. ನೀರಿಗೆ ಬೆಲ್ಲ ಹಾಕಿ ಕುದಿ ಬರಿಸಿ, ಒಲೆಯಿಂದ ಇಳಿಸಿ, ಕಾಫಿಪುಡಿ ಹಾಕಿ ಮುಚ್ಚಿಡುವುದು, ಆಮೇಲೆ ಬಟ್ಟೆಯಲ್ಲಿ ಸೋಸುವುದು. ‘ಪುಡಿ ಹಾಕಿದ ಮೇಲೆ ಕೊತಕೊತ ಕುದಿಸ್ಬೇಡ, ಕಹಿಯಾಗ್ತದೆ’ ಅನ್ನುತ್ತಿದ್ದರು ಅಜ್ಜಿ. ಒಂದು ಪಾತ್ರೆ, ಒಂದು ತುಂಡು ಬಟ್ಟೆ ಸಾಕು. ಫಿಲ್ಟರಿನ ಜಾಗಕ್ಕೆ 6 ಗ್ರಾಂನ ಮಲ್ ಬಟ್ಟೆ ಬಂತು.

ಅಲ್ಲಿಂದ ನನ್ನ ಯೋಚನೆಯ ದಿಕ್ಕೇ ಬದಲಾಯಿತು. ಅಷ್ಟರವರೆಗೆ ಹಗುರವಾದ ಸಾಮಾನು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದೆ. ಮೊದಲು ಕೇಳಿಕೊಳ್ಳಬೇಕಾದದ್ದು ಅಲ್ಲಿ ಏನು ಬೇಯಿಸುತ್ತೇನೆ ಎಂದು. ನೀರು ಕುದಿಸುವುದಷ್ಟೇ ಕೆಲಸ, ಮಿಕ್ಕ ಅಡುಗೆಯೆಲ್ಲ ಮನೆಯಲ್ಲೇ ಮುಗಿದಿರಬೇಕು ಎಂದು ಗಟ್ಟಿ ಮಾಡಿಕೊಂಡ ಮೇಲೆ ತೂಕ ತಾನಾಗಿ ಇಳಿಯಿತು.

ಈಗ ನನ್ನ ಬಳಿ ಇರುವುದು ಇಷ್ಟು: 750 ಮಿಲಿ ಟೈಟಾನಿಯಂ ಪಾತ್ರೆ ಮುಚ್ಚಳ ಸೇರಿ 105 ಗ್ರಾಂ, ಗ್ಯಾಸ್ ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ ಸ್ಟವ್ 25, ಉದ್ದ ಹಿಡಿಯ ಚಮಚ 18, ಲೈಟರ್ 12, ಸೋಸುವ ಬಟ್ಟೆ 6. ಕಾರಿನ ಗಾಜಿಗೆ ಬಿಸಿಲಿಗೆಂದು ಇಡುವ ಬೆಳ್ಳಿ ಬಣ್ಣದ ಹಾಳೆಯನ್ನು ಕತ್ತರಿಸಿ, ಪಾತ್ರೆಗೆ ಅಳತೆಯಾಗಿ ಒಂದು ಕುಲಾವಿ ಮಾಡಿದ್ದೇನೆ. ಅದು 30. ಒಟ್ಟು 196 ಗ್ರಾಂ. ತಟ್ಟೆ ಇಲ್ಲ, ಲೋಟವೂ ಇಲ್ಲ. ಪಾತ್ರೆಯೇ ಎಲ್ಲಾ.

ಟೈಟಾನಿಯಂ ಬಗ್ಗೆ ಒಂದು ಮಾತು. ಅದು ತುಂಬಾ ತೆಳು, ಶಾಖ ಬದಿಗೆ ಹರಡುವುದಿಲ್ಲ, ಉರಿ ತಾಗಿದ ಜಾಗವೇ ಕಾಯುತ್ತದೆ. ಒಮ್ಮೆ ಅದರಲ್ಲಿ ಉಪ್ಪಿಟ್ಟು ಕಲಕಲು ಹೋಗಿ ತಳ ಹತ್ತಿತು. ಕೊರೆಯುವ ನೀರಿನಲ್ಲಿ ಅರ್ಧ ಗಂಟೆ ಉಜ್ಜಿದೆ. ನಿಜವಾಗಿ ಬೇಯಿಸಿ ಉಣ್ಣುವವರಿಗೆ ಅಲ್ಯೂಮಿನಿಯಂ ಪಾತ್ರೆಯೇ ಮೇಲು. ಬೆಲೆ ಕಡಿಮೆ, ಶಾಖ ಸಮನಾಗಿ ಹರಡುತ್ತದೆ, ತೂಕವೂ ಅಂಥಾ ಹೆಚ್ಚಲ್ಲ.

ನಮ್ಮ ಮೀಸಲು ಅರಣ್ಯಗಳಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಚ್ಚಲೂಬಾರದು. ಹಾಗಾಗಿ ಎಷ್ಟು ಗ್ಯಾಸ್ ಬೇಕಾಗುತ್ತದೆ ಎಂಬ ಪರೀಕ್ಷೆಯೆಲ್ಲ ಮನೆ ತಾರಸಿಯಲ್ಲಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ಯಾಸ್ ಡಬ್ಬಿಯನ್ನು ಮೊದಲೂ ಆಮೇಲೂ ತೂಗಿದೆ. ಗಾಳಿಯಿಲ್ಲದಾಗ ಅರ್ಧ ಲೀಟರ್ ಕುದಿಯಲು 8 ಗ್ರಾಂ ಗ್ಯಾಸ್ ಹೋಯಿತು, ಟೇಬಲ್ ಫ್ಯಾನ್ ಹಚ್ಚಿದಾಗ 14. ಅಂದರೆ ಗಾಳಿಯೇ ದೊಡ್ಡ ಕಳ್ಳ. ಗಾಳಿ ಬರುವ ಕಡೆ ಬ್ಯಾಗೋ ಕಲ್ಲೋ ಅಡ್ಡ ಇಡುತ್ತೇನೆ. ಆದರೆ ಸ್ಟವ್ ಸುತ್ತ ಪೂರ್ತಿ ಫಾಯಿಲ್ ಸುತ್ತಿ ಮುಚ್ಚುವುದು ಅಪಾಯ. ಶಾಖ ಕೆಳಗಿನ ಡಬ್ಬಿಗೇ ಹೊಡೆದು ಅದು ಸಿಡಿಯಬಹುದು. ಮಳೆ ಬಂತೆಂದು ಟೆಂಟಿನೊಳಗೆ ಸ್ಟವ್ ಹಚ್ಚುವುದೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಜೀವ ಹೋಗುತ್ತದೆ.

ಈ ಸಾಮಾನು ಹೊತ್ತು ಗೆಳೆಯನ ಜೊತೆ ಹೋದದ್ದು ಹಿಮಾಚಲದ ಹಂಪ್ತಾ ಪಾಸ್ ಎಂಬ ಬೆಟ್ಟ ದಾಟುವ ದಾರಿಗೆ, ಸೆಪ್ಟೆಂಬರಿನಲ್ಲಿ. ವಿಮಾನದಲ್ಲಿ ಗ್ಯಾಸ್ ಡಬ್ಬಿ, ಲೈಟರ್ ಎರಡೂ ಒಯ್ಯುವಂತಿಲ್ಲ. ಮನಾಲಿಯಲ್ಲಿ 230 ಗ್ರಾಂನ ಡಬ್ಬಿ ಕೊಂಡೆವು. ಇಬ್ಬರಿಗೆ ದಿನಕ್ಕೆ 40 ಗ್ರಾಂ ಎಂದು ಲೆಕ್ಕ ಹಾಕಿದ್ದೆ. ನಾಲ್ಕು ದಿನಕ್ಕೆ ಸರಿಹೋಗಿ ಸ್ವಲ್ಪ ಉಳಿಯಿತು.

ಮೇಲೆ ಹೋದಂತೆ ನೀರು ಬೇಗ ಕುದಿಯುತ್ತದೆ, ಆದರೆ ಕುದಿವ ನೀರಿನ ಬಿಸಿಯೇ ಕಡಿಮೆ. ಸುಮಾರು 300 ಮೀಟರ್ ಏರಿದರೆ 1 ಡಿಗ್ರಿ ಇಳಿಯುತ್ತದೆ. 3,600 ಮೀಟರಿನಲ್ಲಿ 88 ಡಿಗ್ರಿಗೇ ಕುದಿ. ಅದರಲ್ಲಿ ಬೇಳೆ ಬೇಯುವುದಿಲ್ಲ, ಅಕ್ಕಿಯದೂ ಕಷ್ಟ. ಇಲ್ಲಿ ಕೈಹಿಡಿದದ್ದು ಹಳೆಯ ಕಾಲದ ಬುತ್ತಿ. ಅವಲಕ್ಕಿ ಮೊದಲೇ ಬೆಂದದ್ದು, ಹುರಿಹಿಟ್ಟು ಮೊದಲೇ ಹುರಿದದ್ದು. ತೆಳು ಅವಲಕ್ಕಿಗೆ ಮನೆಯಲ್ಲೇ ಒಗ್ಗರಣೆ, ಹುಣಸೆ ಪುಡಿ, ಬೆಲ್ಲ, ಸಾರಿನಪುಡಿ, ಹುರಿದ ಶೇಂಗಾ ಸೇರಿಸಿ ಒಬ್ಬರಿಗೆ 120 ಗ್ರಾಂನಂತೆ ಪೊಟ್ಟಣ ಕಟ್ಟಿದ್ದೆ. ಕುದಿದ ನೀರು ಹುಯ್ದು, ಕುಲಾವಿ ತೊಡಿಸಿ ಐದು ನಿಮಿಷ ಬಿಟ್ಟರೆ ಬಿಸಿ ಗೊಜ್ಜವಲಕ್ಕಿ. ಉಪ್ಪಿಟ್ಟಿನ ರವೆಯನ್ನೂ ಚೆನ್ನಾಗಿ ಹುರಿದು ಒಯ್ದರೆ ಹೀಗೇ ಅರಳುತ್ತದೆ, ಹತ್ತು ನಿಮಿಷ ಬೇಕು.

ಪಾಸಿಗಿಂತ ಮೊದಲು ಟೆಂಟ್ ಹಾಕುವ ಜಾಗ ಬಾಲು ಕಾ ಘೇರಾ. ಅಲ್ಲಿನ ಬೆಳಗ್ಗೆ ಟೆಂಟಿನ ಮೇಲೆ ಮಂಜು ಗಟ್ಟಿಯಾಗಿತ್ತು. ರಾತ್ರಿ ಡಬ್ಬಿಯನ್ನು ಹೊರಗೇ ಬಿಟ್ಟಿದ್ದೆವು. ಹಚ್ಚಿದರೆ ಉರಿ ಮಿಣಮಿಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗಲು ಹಿಂಜರಿಯುತ್ತದೆ, ಉರಿಯುತ್ತಾ ಡಬ್ಬಿ ಇನ್ನೂ ತಣ್ಣಗಾಗುತ್ತದೆ. ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದು ಕಾಲು ಗಂಟೆ ಕೂತೆ. ಆಮೇಲೆ ನೀಲಿ ಉರಿ ಬಂತು. ಮಾರನೇ ರಾತ್ರಿಯಿಂದ ಡಬ್ಬಿ ನನ್ನ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಿತು.

ಕಾಫಿಯ ಅಳತೆ ಹೇಳಿಬಿಡುತ್ತೇನೆ. 250 ಮಿಲಿ ನೀರು, ಗೋಲಿಯಷ್ಟು ಬೆಲ್ಲ, 15 ಗ್ರಾಂ ಪುಡಿ. ಪುಡಿ ಸ್ವಲ್ಪ ತರಿಯಾಗಿರಬೇಕು, ಚಿಕೋರಿ ಬೇಡ. ಚಿಕೋರಿ ಬೆರೆತ ನುಣ್ಣನೆ ಪುಡಿ ಬಟ್ಟೆಯ ಕಣ್ಣು ಕಟ್ಟಿಬಿಡುತ್ತದೆ. ಪುಡಿ ಹಾಕಿ ಒಮ್ಮೆ ತಿರುವಿ, ಮುಚ್ಚಿ, ನಾಲ್ಕು ನಿಮಿಷ. ಸೋಸಿಕೊಳ್ಳಲು ಗೆಳೆಯನ ಪಾತ್ರೆ ಇತ್ತು. ಒಬ್ಬನೇ ಇದ್ದರೆ ಸೋಸುವುದಿಲ್ಲ, ಬಟ್ಟೆಯಲ್ಲೇ ಪುಡಿಯನ್ನು ಸಡಿಲವಾಗಿ ಗಂಟು ಕಟ್ಟಿ ಅದ್ದುತ್ತೇನೆ, ಕೊನೆಯಲ್ಲಿ ಚಮಚದಿಂದ ಒತ್ತಿ ಹಿಂಡುತ್ತೇನೆ.

ಚರಟವನ್ನು ಅಲ್ಲಿ ಚೆಲ್ಲುವುದಿಲ್ಲ. ಅವಲಕ್ಕಿಯ ಖಾಲಿ ಪೊಟ್ಟಣಕ್ಕೆ ಹಾಕಿ ಗಂಟು ಬಿಗಿದು, ಪಾಸಿನ ಆಚೆ ಬದಿಯ ಚತ್ರುವಿಗೆ ಇಳಿಯುವವರೆಗೂ ಹೊತ್ತು ತಂದೆವು. ಒದ್ದೆ ಬಟ್ಟೆ ಬ್ಯಾಗಿನ ಹಿಂದೆ ತೂಗಾಡುತ್ತಾ, ಲಾಹೌಲ್ ಕಡೆಯ ಒಣ ಗಾಳಿಗೆ ಒಣಗುತ್ತಾ ಬಂತು.