ಮೆಡಿಕಲ್ ಡಿವೈಸ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತಾ? ಹಾಸನದಿಂದ ಹೊರಡುವ ಮುಂಚೆ ಇಷ್ಟು ಮಾಡಿ

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಎಐಟಿಯಲ್ಲೋ ಓದುತ್ತಿದ್ದೀರಿ, ಬೆಂಗಳೂರಿನ ಮೆಡಿಕಲ್ ಡಿವೈಸ್ ಕಂಪನಿಯೊಂದರಿಂದ ಆಫರ್ ಲೆಟರ್ ಬಂದಿದೆ ಅಂತಿಟ್ಟುಕೊಳ್ಳಿ. ಮುಂದೇನು?

ಮೊದಲು ಕಾಗದಪತ್ರ. ಕಾಲೇಜಿನ ಎನ್‌ಒಸಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಎಚ್‌ಒಡಿ ಸಹಿಗೆ ಕೊನೇ ದಿನ ಓಡಬೇಡಿ. ಆಫೀಸ್ ವೈಟ್‌ಫೀಲ್ಡ್ ಕಡೆ ಇದ್ದರೆ ಪಿಜಿಯನ್ನೂ ಅಲ್ಲೇ ನೋಡಿ. ಯಶವಂತಪುರದಲ್ಲಿ ಅಣ್ಣನ ರೂಮಿದೆ ಅಂತ ಅಲ್ಲಿ ಉಳಿದರೆ ದಿನಾ ಟ್ರಾಫಿಕ್‌ನಲ್ಲೇ ಸುಸ್ತಾಗುತ್ತೀರಿ.

ಎರಡನೆಯದು ಯಾರೂ ಹೇಳಿಕೊಡದ ಕೆಲಸ. ಹೊರಡುವ ಮುಂಚೆ ಅನುಮತಿ ಕೇಳಿಕೊಂಡು ಒಂದು ದಿನ ಆಸ್ಪತ್ರೆಗೆ ಹೋಗಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹಿಮ್ಸ್ ಆಗಬಹುದು, ನಿಮ್ಮೂರಿನ ತಾಲ್ಲೂಕು ಆಸ್ಪತ್ರೆಯೂ ಆಗಬಹುದು. ಬಿಡುವಾಗಿರುವ ನರ್ಸ್ ಹತ್ತಿರ, ಮಶಿನ್ ರಿಪೇರಿ ನೋಡಿಕೊಳ್ಳುವವರ ಹತ್ತಿರ ಕೇಳಿ: ಯಾವುದು ಜಾಸ್ತಿ ಕೆಡುತ್ತದೆ, ಮಳೆಗಾಲದಲ್ಲಿ ಏನಾಗುತ್ತದೆ, ಕರೆಂಟ್ ಹೋಗಿ ಬಂದಾಗ ಏನು ಮಾಡುತ್ತೀರಿ? ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರನ್ನೇ ತಗೊಳ್ಳಿ. ಅದರಲ್ಲಿ 660 ನ್ಯಾನೊಮೀಟರ್ ಸುತ್ತಮುತ್ತಲಿನ ಕೆಂಪು ಬೆಳಕು, 940ರ ಸುತ್ತಮುತ್ತಲಿನ ಇನ್‌ಫ್ರಾರೆಡ್ ಎರಡೂ ಇರುತ್ತವೆ. ಆಕ್ಸಿಜನ್ ಇರುವ ರಕ್ತ, ಇಲ್ಲದ ರಕ್ತ ಇವನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುವುದರಿಂದ ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಅನ್ನೋ ಲೆಕ್ಕ ಸಿಗುತ್ತದೆ. ಇದು ಪುಸ್ತಕದಲ್ಲಿದೆ. ಆದರೆ ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆಯಿಂದ ನೆನೆದುಕೊಂಡು ಬಂದವರ ತಣ್ಣನೆಯ ಬೆರಳಲ್ಲಿ ರೀಡಿಂಗ್ ಸರಿಯಾಗಿ ಬರುವುದಿಲ್ಲ, ಕೈ ಉಜ್ಜಿ ಬೆಚ್ಚಗೆ ಮಾಡಬೇಕು ಅನ್ನೋದನ್ನು ನರ್ಸ್ ಹೇಳುತ್ತಾರೆ. ಇಂಥ ಹತ್ತು ಸಾಲು ಬರೆದುಕೊಳ್ಳಿ.

ಸೇರಿದ ದಿನ ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಡಿವೈಸ್ ಯಾವ ಕ್ಲಾಸ್? ನಮ್ಮ ದೇಶದ 2017ರ ವೈದ್ಯಕೀಯ ಸಾಧನ ನಿಯಮಗಳಲ್ಲಿ ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಅಂತ ನಾಲ್ಕು ಕ್ಲಾಸ್ ಇವೆ. ಹೃದಯಕ್ಕೆ ಹಾಕುವ ಕೃತಕ ಕವಾಟ ಡಿ, ಅಂದರೆ ಅತಿ ಹೆಚ್ಚು ಅಪಾಯದ ಕ್ಲಾಸ್. ಕ್ಲಾಸ್ ಮೇಲೆ ಹೋದಷ್ಟೂ ಪರೀಕ್ಷೆ ಜಾಸ್ತಿ, ಕಾಗದ ಜಾಸ್ತಿ.

ಮೊದಲ ವಾರ, ಎರಡನೇ ವಾರ ಬರೀ ಎಸ್‌ಒಪಿ, ಅಂದರೆ ಪ್ರತಿ ಕೆಲಸವನ್ನು ಹೇಗೆ ಮಾಡಬೇಕು ಅಂತ ಬರೆದಿಟ್ಟ ಕ್ರಮ, ಓದಿಸುತ್ತಾರೆ. ಬೇಜಾರಾಗುತ್ತದೆ, ನಿಜ. ಆದರೆ ಮೆಡಿಕಲ್ ಡಿವೈಸ್ ಕಂಪನಿಗಳ ಗುಣಮಟ್ಟ ವ್ಯವಸ್ಥೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13485 ಪ್ರಕಾರ ನಡೆಯುವ ಕಂಪನಿಯಲ್ಲಿ ತರಬೇತಿ ದಾಖಲೆ ಇಲ್ಲದೆ ನಿಮ್ಮ ಕೈಗೆ ಕೆಲಸ ಕೊಡುವ ಹಾಗಿಲ್ಲ. ಸುಮ್ನೆ ಸಹಿ ಹಾಕಬೇಡಿ. ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲೆ ಸಹಿ.

ಲ್ಯಾಬ್ ನೋಟ್‌ಬುಕ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಇಂಟರ್ನ್ ಆಗಿದ್ದಾಗ ಒಂದು ರೀಡಿಂಗ್ ತಪ್ಪಾಗಿ ಬರೆದು, ಅದರ ಮೇಲೇ ತಿದ್ದಿಬಿಟ್ಟೆ. ಮೊದಲು ಏನಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ಇಡೀ ದಿನದ ಟೆಸ್ಟ್ ಮತ್ತೆ ಮಾಡಬೇಕಾಯಿತು, ನನ್ನ ಜೊತೆ ಸೀನಿಯರ್ ಕೂಡ ರಾತ್ರಿ ಒಂಬತ್ತರವರೆಗೆ ಕೂತರು. ಸರಿಯಾದ ಕ್ರಮ ಇದು: ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ, ಹಳೆಯದು ಓದುವ ಹಾಗೇ ಇರಲಿ. ಪಕ್ಕದಲ್ಲಿ ಸರಿ ಅಂಕಿ, ಕಾರಣ, ಸಹಿ, ತಾರೀಕು. ಪೆನ್ನಿನಲ್ಲೇ. ವೈಟ್ನರ್ ಮುಟ್ಟಲೇಬೇಡಿ. ಬರೆದಿಲ್ಲ ಅಂದರೆ ಮಾಡಿಲ್ಲ ಅಂತಲೇ ಲೆಕ್ಕ.

ಮೀಟರ್ ಹಿಡಿಯುವ ಮುಂಚೆ ಅದರ ಕ್ಯಾಲಿಬ್ರೇಶನ್ ಸ್ಟಿಕ್ಕರ್ ನೋಡಿ, ತಾರೀಕು ಮುಗಿದಿದ್ದರೆ ಪಕ್ಕಕ್ಕಿಡಿ. ಇಷ್ಟೊಂದು ಕಟ್ಟುನಿಟ್ಟು ಯಾಕೆ ಅನಿಸುತ್ತದೆ ಅಲ್ವಾ? ಹೃದಯಕ್ಕೆ ನೇರವಾಗಿ ತಾಗುವ ಭಾಗದಲ್ಲಿ, ಎಲ್ಲ ಸರಿಯಿರುವಾಗ, ಸೋರಿಕೆ ಕರೆಂಟ್ 10 ಮೈಕ್ರೊಆಂಪ್ ದಾಟಬಾರದು ಅನ್ನುತ್ತದೆ ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601. ತಪ್ಪು ತೋರಿಸುವ ಮೀಟರಿನಿಂದ ಅದನ್ನು ಅಳೆದರೆ ಆ ಕಡೆ ಮಲಗಿರುವವರ ಗತಿ ಯೋಚಿಸಿ.

ಲ್ಯಾಬ್ ಫೋಟೊ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಬೇಡ. ಕಾಲೇಜಿಗೆ ಕೊಡುವ ರಿಪೋರ್ಟನ್ನು ಎರಡನೇ ವಾರದಿಂದಲೇ ಬರೆಯುತ್ತಾ ಹೋಗಿ, ಕೊಡುವ ಮುಂಚೆ ಕಂಪನಿಯ ಗೈಡ್‌ಗೆ ತೋರಿಸಿ ಒಪ್ಪಿಗೆ ತಗೊಳ್ಳಿ, ಅದಕ್ಕೆ ಟೈಮ್ ಹಿಡಿಯುತ್ತದೆ.

ಒಂದು ತಿಂಗಳು ಕಳೆದು ಕೆಲಸ ಸ್ವಲ್ಪ ಹಿಡಿತಕ್ಕೆ ಬಂದಾಗ, ಆಸ್ಪತ್ರೆಯಲ್ಲಿ ಬರೆದುಕೊಂಡ ಆ ಹತ್ತು ಸಾಲನ್ನು ಗೈಡ್ ಮುಂದೆ ಇಡಿ. ಮುಜುಗರ ಬೇಡ. ಎಸಿ ಲ್ಯಾಬಿನಲ್ಲಿ ಕೂತವರಿಗೆ ಮಲೆನಾಡಿನ ಮಳೆಯಲ್ಲಿ ಅವರ ಮಶಿನ್ ಏನಾಗುತ್ತದೆ ಅಂತ ಹೇಳಲು ಆ ಕೋಣೆಯಲ್ಲಿ ನೀವೊಬ್ಬರೇ ಇರಬಹುದು.