‘ಫೈನ್’ ಎಂದರೆ ಏನೇನು? ವಿರುದ್ಧ ಪದ ಹಿಡಿದು ಅರ್ಥ ಹುಡುಕುವ ಬಗೆ

ಹೇಗಿದ್ದೀರಿ ಎಂದು ಕೇಳಿದರೆ ‘ಫೈನ್’. ಗ್ರಂಥಾಲಯದ ಪುಸ್ತಕವನ್ನು ತಡವಾಗಿ ಮರಳಿಸಿದರೂ ‘ಫೈನ್’. ಕ್ರಿಕೆಟ್‌ನಲ್ಲಿ ‘ಫೈನ್ ಲೆಗ್’, ಕಲೆಯಲ್ಲಿ ‘ಫೈನ್ ಆರ್ಟ್ಸ್’, ಗಾಳಿಯಲ್ಲಿ ತೇಲುವ ನವಿರಾದ ದೂಳಿಗೂ ಅದೇ ವಿಶೇಷಣ. ನಿಘಂಟು ತೆರೆದರೆ ಅರ್ಥಗಳ ಉದ್ದನೆಯ ಸಾಲು, ಸಮಾನಾರ್ಥಕ ಕೋಶ ತೆರೆದರೆ ಅದಕ್ಕಿಂತ ಉದ್ದನೆಯ ಸಾಲು. ಎರಡನ್ನೂ ಬಾಯಿಪಾಠ ಮಾಡಿದವರು ಮರುವಾರವೇ ಮರೆಯುತ್ತಾರೆ. ಇಂಥ ಪದಗಳನ್ನು ಪಳಗಿಸಲು ನನಗೆ ಹಿಡಿಸಿದ ಉಪಾಯವೆಂದರೆ, ಪ್ರತಿ ಬಳಕೆಗೂ ಅದರ ವಿರುದ್ಧ ಪದ ಯಾವುದೆಂದು ಕೇಳಿಕೊಳ್ಳುವುದು. ಅದಕ್ಕೆ ಮೊದಲು ಎರಡು ಸಣ್ಣ ಕೆಲಸಗಳಿವೆ.

1. ವಾಕ್ಯಗಳನ್ನು ಕಲೆಹಾಕಿ

ಬಿಡಿ ಪದವನ್ನು ಬರೆದುಕೊಳ್ಳಬೇಡಿ, ಇಡೀ ವಾಕ್ಯವನ್ನು ಬರೆದುಕೊಳ್ಳಿ. ನಂತರ ನಾಮಪದ, ಕ್ರಿಯಾಪದ, ವಿಶೇಷಣ ಎಂದು ವಿಂಗಡಿಸಿ. ‘ಫೈನ್’ ನಾಮಪದವಾಗಿ ಬಂದರೆ ಸಾಮಾನ್ಯವಾಗಿ ದಂಡ, ಕ್ರಿಯಾಪದವಾದರೆ ದಂಡ ವಿಧಿಸು. ಈ ಗಂಟನ್ನು ಒಂದು ಬದಿಗಿಡಿ. ತೊಡಕೆಲ್ಲ ಇರುವುದು ವಿಶೇಷಣದಲ್ಲಿ.

2. ಬೇರನ್ನು ನೋಡಿ

ವ್ಯುತ್ಪತ್ತಿ ಕೊಡುವ ನಿಘಂಟಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು. ಲ್ಯಾಟಿನ್‌ನಲ್ಲಿ ‘ಫೀನಿಸ್’ ಎಂದರೆ ಕೊನೆ, ಎಲ್ಲೆ. ಅದು ಫ್ರೆಂಚ್ ಭಾಷೆಯನ್ನು ಹಾದು ಇಂಗ್ಲಿಷ್‌ಗೆ ಬಂತು. ವ್ಯಾಜ್ಯವನ್ನು ಕೊನೆಗಾಣಿಸಲು ಕೊಡುತ್ತಿದ್ದ ಹಣ ‘ಫೈನ್’ ಆಯಿತು. ಕೊನೆಯ ಹಂತದವರೆಗೆ ತಿದ್ದಿ ತೀಡಿದ ವಸ್ತುವೂ ‘ಫೈನ್’ ಆಯಿತು. ಅಲ್ಲಿಂದ ಉತ್ತಮ, ನಯ, ನವಿರು, ತೆಳು ಎಂದು ಅರ್ಥ ಕವಲೊಡೆಯಿತು. ‘ಫೈನಲ್’, ‘ಫಿನಿಶ್’, ‘ರಿಫೈನ್’ ಎಲ್ಲವೂ ಇದೇ ಕುಟುಂಬದವು. ಸಾಲ ತೀರಿಸುವ ಅರ್ಥದಿಂದ ಹುಟ್ಟಿದ ‘ಫೈನಾನ್ಸ್’ ಕೂಡ ದಾಯಾದಿಯೇ. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ‘ಫೈನ್’ನದೇ ಕಾಗುಣಿತದ ಪದ ಕಂಡರೆ ‘ಫೀನೆ’ ಎಂದು ಓದಬೇಕು. ಅದು ಇಟಾಲಿಯನ್ ಪದ, ಕೃತಿ ಅಲ್ಲಿಗೆ ಮುಗಿಯಿತು ಎಂಬ ಸೂಚನೆ.

3. ವಿರುದ್ಧ ಪದವನ್ನು ಕೇಳಿ

ಈಗ ಮುಖ್ಯ ಕೆಲಸ. ಮರಳು ‘ಫೈನ್’ ಎಂದರೆ ವಿರುದ್ಧ ಯಾವುದು? ‘ಕೋರ್ಸ್’, ಅಂದರೆ ಒರಟು, ದಪ್ಪ. (ಓದುವ ‘ಕೋರ್ಸ್’ ಬೇರೆ, ಉಚ್ಚಾರ ಒಂದೇ, ಕಾಗುಣಿತ ಬೇರೆ.) ವಾಯುಮಾಲಿನ್ಯದ ವರದಿಗಳಲ್ಲಿ ಬರುವ ಪಿಎಂ 2.5 ಇದೇ ಅರ್ಥದ್ದು. 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು ‘ಫೈನ್’, ಅಲ್ಲಿಂದ 10ರವರೆಗಿನವು ‘ಕೋರ್ಸ್’.

ಬ್ರಿಟಿಷರ ಮಾತಿನಲ್ಲಿ ಹವೆ ‘ಫೈನ್’ ಎಂದರೆ ಮಳೆಯಿಲ್ಲದ, ತಿಳಿಯಾದ ದಿನ; ವಿರುದ್ಧ ‘ವೆಟ್’. ಆರೋಗ್ಯದ ಮಾತಾದರೆ ವಿರುದ್ಧ ‘ಇಲ್’. ಚಿನ್ನದ ವಿಷಯದಲ್ಲಿ ವಿರುದ್ಧ ಕಲಬೆರಕೆ: ಪರಿಶುದ್ಧತೆಯನ್ನು ‘ಫೈನ್‌ನೆಸ್’ ಎಂದು ಕರೆದು ಸಾವಿರಕ್ಕೆ ಇಷ್ಟು ಭಾಗ ಎಂದು ಅಳೆಯುತ್ತಾರೆ. 22 ಕ್ಯಾರಟ್ ಚಿನ್ನದ ಮೇಲಿನ 916 ಈ ಲೆಕ್ಕದ್ದೇ.

ಕ್ರಿಕೆಟ್‌ನ ಉದಾಹರಣೆ ಎಲ್ಲಕ್ಕಿಂತ ಸೊಗಸು. ಫೈನ್ ಲೆಗ್‌ನಲ್ಲಿ ನಿಂತ ಫೀಲ್ಡರ್ ಸಪೂರವಾಗಿಯೂ ಇರಬೇಕಿಲ್ಲ, ಉತ್ತಮ ಆಟಗಾರನೂ ಆಗಿರಬೇಕಿಲ್ಲ. ಇಲ್ಲಿ ವಿರುದ್ಧ ಪದ ‘ಸ್ಕ್ವೇರ್’. ಬ್ಯಾಟರ್‌ನ ಹಿಂಬದಿಯಲ್ಲಿ, ಪಿಚ್‌ನ ನೇರ ಗೆರೆಗೆ ಹತ್ತಿರವಾದ ಕೋನ ‘ಫೈನ್’. ಆ ಗೆರೆಗೆ ಲಂಬವಾದದ್ದು ‘ಸ್ಕ್ವೇರ್’. ಇಷ್ಟು ತಿಳಿದರೆ ‘ಫೀಲ್ಡರ್ ಇನ್ನಷ್ಟು ಫೈನ್ ಆಗಿ ನಿಲ್ಲಬೇಕಿತ್ತು’ ಎಂಬ ವೀಕ್ಷಕ ವಿವರಣೆ ತಾನಾಗಿ ಅರ್ಥವಾಗುತ್ತದೆ.

ವಿರುದ್ಧ ಪದ ಸಿಗದ ಕಡೆಯೂ ಇದೆ. ‘ಒನ್ ಫೈನ್ ಡೇ’ ಎಂದರೆ ಬರೀ ‘ಒಂದು ದಿನ’. ಅದನ್ನು ಬಿಡಿಸಿ ನೋಡದೆ ಇಡಿಯಾಗಿ ಕಲಿಯಬೇಕು.

4. ಸಮಾನಾರ್ಥಕವನ್ನು ವಾಕ್ಯದಲ್ಲಿ ಕೂರಿಸಿ ನೋಡಿ

ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ಪ್ರಕಟಿಸಿದ ‘ಥೆಸಾರಸ್’ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಪರಿಕಲ್ಪನೆಗಳ ಪ್ರಕಾರ ಗುಂಪು ಮಾಡಿತು. ಹತ್ತಿರದ ಪದಗಳು ಒಂದೆಡೆ ಸಿಗುತ್ತವೆ, ನಿಜ. ಆದರೆ ಯಾವುದನ್ನು ಎಲ್ಲಿ ಹಾಕಬೇಕೆಂದು ಇಂಥ ಪಟ್ಟಿ ಹೇಳುವುದಿಲ್ಲ.

‘ಫೈನ್’ ಪಕ್ಕದಲ್ಲಿ ‘ಥಿನ್’ ಕಂಡಿತೆನ್ನಿ. ಕೂದಲಿನ ಮೇಲೆ ಪ್ರಯೋಗಿಸಿ. ‘ಫೈನ್ ಹೇರ್’ ಎಂದರೆ ಒಂದೊಂದು ಎಳೆಯೂ ನವಿರು, ತಲೆತುಂಬ ಕೂದಲಿರಬಹುದು. ‘ಥಿನ್ ಹೇರ್’ ಎಂದರೆ ಸಾಮಾನ್ಯವಾಗಿ ಕೂದಲು ವಿರಳವಾಗಿದೆ ಎಂದೇ ತಿಳಿಯುತ್ತಾರೆ. ಹೊಗಳಲು ಹೋದವರು ಎಚ್ಚರದಿಂದಿರಬೇಕು! ‘ಡೆಲಿಕೇಟ್’ ಕಸೂತಿಗೆ ಒಪ್ಪುತ್ತದೆ, ದೂಳಿಗೆ ಒಪ್ಪುವುದಿಲ್ಲ. ಸೂಕ್ಷ್ಮ ವ್ಯತ್ಯಾಸ ಎನ್ನುವಲ್ಲಿ ‘ಸಟಲ್’ ಸರಿಯಾಗಿ ಕೂರುತ್ತದೆ, ಮರಳಿಗೆ ಕೂರುವುದಿಲ್ಲ.

ಬದಿಗಿಟ್ಟ ದಂಡದ ಗಂಟನ್ನೂ ಬಿಚ್ಚೋಣ. ‘ಪೆನಾಲ್ಟಿ’ ವಿಶಾಲ ಪದ: ಜೈಲುವಾಸವೂ ಪೆನಾಲ್ಟಿಯೇ, ಫುಟ್‌ಬಾಲ್‌ನ ಒದೆತವೂ ಪೆನಾಲ್ಟಿಯೇ. ‘ಫೈನ್’ ಹಣಕ್ಕೆ ಸೀಮಿತ. ‘ಡ್ಯಾಮೇಜಸ್’ ಕೂಡ ಹಣವೇ, ಆದರೆ ಅದು ನಷ್ಟಪಟ್ಟವರ ಕೈಸೇರುತ್ತದೆ. ನ್ಯಾಯಾಲಯ ವಿಧಿಸಿದ ಫೈನ್ ಸಾಮಾನ್ಯವಾಗಿ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ.

5. ಪದ ನಿಂತ ಜಾಗವನ್ನು ಗಮನಿಸಿ

ನಿಘಂಟಿನ ಅವಸರದ ಓದುಗರು ದಾಟಿಹೋಗುವ ಸಂಗತಿ ಇದು. ‘ಎ ಫೈನ್ ಟೀಚರ್’ ಎಂದರೆ ಉತ್ತಮ ಶಿಕ್ಷಕಿ. ‘ದ ಟೀಚರ್ ಈಸ್ ಫೈನ್’ ಎಂದರೆ ಆಕೆ ಆರೋಗ್ಯವಾಗಿದ್ದಾರೆ, ಇಲ್ಲವೇ ಪರವಾಗಿಲ್ಲ ಎನ್ನುವಂತಿದ್ದಾರೆ. ನಾಮಪದದ ಮುಂದೆ ನಿಂತಾಗ ಮೆಚ್ಚುಗೆಯಾಗುವ ಪದ, ವಾಕ್ಯದ ತುದಿಗೆ ಸರಿದಾಗ ಹೆಚ್ಚಾಗಿ ‘ಸಾಕು, ನಡೆಯುತ್ತದೆ’ ಎಂಬ ಮಟ್ಟಕ್ಕೆ ಇಳಿಯುತ್ತದೆ. ಶಿಫಾರಸು ಪತ್ರದಲ್ಲಿ ಯಾರದಾದರೂ ಕೆಲಸ ‘ಈಸ್ ಫೈನ್’ ಎಂದು ಬರೆದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಏನನ್ನಾದರೂ ಕೊಡಲು ಬಂದವರಿಗೆ ‘ಐ ಆಮ್ ಫೈನ್, ಥ್ಯಾಂಕ್ಸ್’ ಎಂದರೆ ಬೇಡ ಎಂದರ್ಥ. ಜಗಳದ ನಡುವೆ ಬಿರುಸಾಗಿ ಬರುವ ಒಂಟಿ ‘ಫೈನ್!’ ಬಾಯಲ್ಲಿ ಮಾತ್ರ ಒಪ್ಪಿಗೆ. ‘ಎ ಫೈನ್ ಮೆಸ್’ ಶುದ್ಧ ವ್ಯಂಗ್ಯ.

ಅಭ್ಯಾಸಕ್ಕೆ ‘ಫೇರ್’ ಪದವನ್ನು ಎತ್ತಿಕೊಳ್ಳಿ. ಮೇಳ ಎಂಬ ಅರ್ಥದ ‘ಫೇರ್’ ಲ್ಯಾಟಿನ್ ಮೂಲದ್ದು, ವಿಶೇಷಣವಾದ ‘ಫೇರ್’ ಹಳೆಯ ಇಂಗ್ಲಿಷ್‌ನದು. ಬೇರು ನೋಡುವ ಹೊತ್ತಿಗೇ ಅವೆರಡು ಬೇರೆಯಾಗುತ್ತವೆ. ವಿಶೇಷಣಕ್ಕೆ ವಿರುದ್ಧ ಪದ ಹುಡುಕಿ: ತೀರ್ಪಿಗೆ ‘ಅನ್‌ಫೇರ್’, ಕೂದಲಿಗೆ ‘ಡಾರ್ಕ್’, ಹವೆಗೆ ‘ಫೌಲ್’, ಶುದ್ಧ ಪ್ರತಿಗೆ ‘ರಫ್’. ಮೌಲ್ಯಮಾಪನದ ಪಟ್ಟಿಯಲ್ಲಿ ಬರುವ ‘ಫೇರ್’ ಮಾತ್ರ ಸತಾಯಿಸುತ್ತದೆ. ಅದು ‘ಗುಡ್’ಗಿಂತ ಕೆಳಗೆ, ‘ಪೂರ್’ಗಿಂತ ಮೇಲೆ ಇರುವ ಮೆಟ್ಟಿಲು, ಅಲ್ಲಿ ವಿರುದ್ಧ ಪದದ ಬದಲು ಅಕ್ಕಪಕ್ಕದ ಮೆಟ್ಟಿಲುಗಳ ಹೆಸರನ್ನು ಬರೆದುಕೊಳ್ಳಿ.