ಮರುಭೂಮಿಯ ದೂರುಗಳನ್ನು ನಾನು ಓದಿದ ಬಗೆ

ಬೈಬಲಿನ ಕಥೆಯಲ್ಲಿ, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾಗಿ ಸಮುದ್ರ ದಾಟಿ ಮೂರು ದಿನ ಕಳೆಯುವಷ್ಟರಲ್ಲಿ ಇಸ್ರಾಯೇಲ್ಯರು ನೀರಿಗಾಗಿ ತಮ್ಮ ನಾಯಕ ಮೋಶೆಯ ಮೇಲೆ ಗುಣುಗುಟ್ಟುತ್ತಾರೆ. ಅಲ್ಲಿಂದ ಮುಂದಿನ ನಲವತ್ತು ವರ್ಷಗಳ ದಾರಿಯುದ್ದಕ್ಕೂ ದೂರುಗಳೇ ದೂರುಗಳು. ರೊಟ್ಟಿಯಿಲ್ಲ, ಮಾಂಸವಿಲ್ಲ, ನಾಯಕ ಸರಿಯಿಲ್ಲ, ಹೋಗಬೇಕಾದ ನಾಡೂ ಸರಿಯಿಲ್ಲ. ನಮ್ಮೂರ ಚರ್ಚಿನ ಭಾನುವಾರದ ಪಾಠದಲ್ಲಿ ಇವರನ್ನು ಕೃತಘ್ನರಿಗೆ ಉದಾಹರಣೆಯಾಗಿ ಹೇಳಿಕೊಡುತ್ತಿದ್ದರು. ಯೆಹೂದಿಗಳ ಓದು ಇದೇ ಅಧ್ಯಾಯಗಳನ್ನು ಬೇರೆ ರೀತಿಯಲ್ಲಿ ಹಿಡಿಯುತ್ತದೆ. ಎಲ್ಲ ದೂರುಗಳನ್ನೂ ಒಂದೇ ರಾಶಿಗೆ ಸುರಿಯದೆ, ಒಂದೊಂದನ್ನೂ ಪ್ರತ್ಯೇಕವಾಗಿ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಆ ಓದನ್ನು ನಾನು ಕಲಿತ ಬಗೆಯನ್ನು, ಅದರಿಂದ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಡುಪಿ, ಮಂಗಳೂರಿನ ಕಡೆಯಿಂದ ಇಸ್ರೇಲಿಗೆ ಹೋಗಿ ವೃದ್ಧರ ಆರೈಕೆ ಮಾಡುವವರು ಬಹಳ ಮಂದಿ ಇದ್ದೇವೆ. ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಮನೆಯ ಮಕ್ಕಳು ಕರೆಯುವಂತೆ ನಾನೂ ಅವರನ್ನು ಸವ್ತಾ ಎಂದೇ ಕರೆಯುತ್ತಿದ್ದೆ, ಅಜ್ಜಿ ಎಂದರ್ಥ. ಕಣ್ಣು ಮಂಜಾದ ಮೇಲೆ ಅವರಿಗೆ ಓದಿ ಹೇಳುವವರು ಬೇಕಾಗಿತ್ತು. ಆಡುವ ಹೀಬ್ರೂ ನನಗೆ ಕೆಲಸದಿಂದಲೇ ಬಂದಿತ್ತು. ಅಕ್ಷರ ಕಲಿಸಿದವರು, ಆಮೇಲೆ ಓದಲು ಕಲಿಸಿದವರು ಸವ್ತಾ.

ತೋರಾ ಎಂದು ಕರೆಯುವ ಮೋಶೆಯ ಐದು ಗ್ರಂಥಗಳನ್ನು ಯೆಹೂದಿಗಳು 54 ಭಾಗಗಳಾಗಿ ಮಾಡಿಕೊಂಡು, ವಾರವಾರವೂ ಓದಿ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿನಿಂದ ಆರಂಭ. ಅಭ್ಯಾಸ ಮಾಡುವಾಗ ಇಬ್ಬರು ಎದುರುಬದುರು ಕುಳಿತು ಗಟ್ಟಿಯಾಗಿ ಓದುತ್ತಾರೆ, ಒಬ್ಬರ ಅರ್ಥವನ್ನು ಇನ್ನೊಬ್ಬರು ಒಪ್ಪದೆ ವಾದಿಸುತ್ತಾರೆ. ಇದಕ್ಕೆ ಹವ್ರೂತಾ ಎಂಬ ಹೆಸರು. ಪುಸ್ತಕದ ಪುಟವೂ ಅದಕ್ಕೆ ತಕ್ಕ ಹಾಗೆಯೇ ಇರುತ್ತದೆ: ನಡುವೆ ನಾಲ್ಕಾರು ವಚನ, ಪಕ್ಕದಲ್ಲಿ ಅರಮಾಯಿಕ್ ಅನುವಾದ, ಸುತ್ತಲೂ ರಾಶಿ, ಇಬ್ನ್ ಎಜ್ರಾ, ರಾಂಬಾನ್ ಮೊದಲಾದ ಪಂಡಿತರ ವ್ಯಾಖ್ಯಾನ. ರಾಶಿ 11ನೇ ಶತಮಾನದ ಫ್ರಾನ್ಸಿನವರು, ರಾಂಬಾನ್ 13ನೇ ಶತಮಾನದ ಸ್ಪೇನಿನವರು. ಒಂದೇ ಪುಟದಲ್ಲಿ ಇಬ್ಬರೂ ಜಗಳವಾಡುತ್ತಾರೆ.

ಸವ್ತಾ ಬಳಿ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಇತ್ತು. ನೆಹಾಮಾ ಲೇಬೋವಿಟ್ಜ್ ಎಂಬ ಪ್ರಸಿದ್ಧ ಶಿಕ್ಷಕಿ 1942ರಿಂದ ಸುಮಾರು ಮೂರು ದಶಕ ಕಾಲ ವಾರದ ಭಾಗದ ಮೇಲೆ ಪ್ರಶ್ನೆಗಳನ್ನು ಹೊರಡಿಸುತ್ತಿದ್ದರು. ಉತ್ತರ ಬರೆದು ಅಂಚೆಯಲ್ಲಿ ಕಳಿಸಿದರೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರು. ಸೈನಿಕರು, ಕೃಷಿಕರು, ದಾದಿಯರು ಯಾರು ಬೇಕಾದರೂ ಬರೆಯಬಹುದಿತ್ತು. ಅವರ ಹೆಸರಿನೊಂದಿಗೆ ಸೇರಿಹೋಗಿರುವ ಪ್ರಶ್ನೆ ಒಂದೇ: ‘ಇಲ್ಲಿ ರಾಶಿಗೆ ತೊಡಕಾದದ್ದು ಏನು?’ ವ್ಯಾಖ್ಯಾನಕಾರ ಸುಮ್ಮನೆ ಬಾಯಿ ತೆರೆಯುವುದಿಲ್ಲ, ವಚನದಲ್ಲಿ ಏನೋ ಒಂದು ಕಲ್ಲು ಕಾಲಿಗೆ ತಗುಲಿರಬೇಕು. ಆ ಕಲ್ಲನ್ನು ಮೊದಲು ನಾವು ಹುಡುಕಬೇಕು, ಆಮೇಲೆ ಉತ್ತರ ಓದಬೇಕು. ಈ ಶಿಸ್ತನ್ನು ನಾನು ಇಂದಿಗೂ ಬಿಟ್ಟಿಲ್ಲ. ವಚನಗಳನ್ನು ಮೊದಲು ಬರಿದಾಗಿ ಓದುತ್ತೇನೆ, ವ್ಯಾಖ್ಯಾನದ ಮೇಲೆ ಒಂದು ಹಾಳೆ ಮುಚ್ಚಿಟ್ಟು.

ಮರುಭೂಮಿಯ ಅಧ್ಯಾಯಗಳಿಗೆ ಬಂದಾಗ ಒಂದು ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದುಕೊಂಡೆ. ಕೇಳಿದವರು ಯಾರು, ಇಲ್ಲದೆ ಹೋದದ್ದು ಏನು, ಯಾವ ಮಾತಿನಲ್ಲಿ ಕೇಳಿದರು, ಏನು ಉತ್ತರ ಬಂತು, ಹೀಗೆ ನಾಲ್ಕು ಸಾಲು. ಇದು ನನ್ನದೇ ಏರ್ಪಾಡು. ಪ್ರತಿ ದೂರಿನ ಹಿಂದಿನ ವಚನವನ್ನೂ ಬರೆದುಕೊಳ್ಳುವಂತೆ ಸವ್ತಾ ಹೇಳಿದರು. ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಮೊದಲನೆಯದು ಮಾರಾ. ನೀರು ಇತ್ತು, ಕುಡಿಯಲಾಗದಷ್ಟು ಕಹಿ. ಜನ ಕೇಳಿದ್ದು ‘ನಾವು ಏನು ಕುಡಿಯಬೇಕು?’ ಎಂದಷ್ಟೇ. ದೇವರು ಒಂದು ಮರ ತೋರಿಸಿದನು, ನೀರು ಸಿಹಿಯಾಯಿತು. ಬೈಗುಳವಿಲ್ಲ, ಶಿಕ್ಷೆಯಿಲ್ಲ. ಯೆಹೂದಿ ಗುರುಗಳ ಹಳೆಯ ಚರ್ಚಾಗ್ರಂಥವಾದ ತಾಲ್ಮೂದಿನ ಪಂಡಿತರು ಇಲ್ಲಿ ನೀರೆಂದರೆ ತೋರಾ ಎಂದು ಹೇಳಿ, ಮೂರು ದಿನ ಅದಿಲ್ಲದೆ ಬಳಲಿದ್ದರಿಂದಲೇ ಸೋಮವಾರ, ಗುರುವಾರ ಮತ್ತು ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಸಭೆಯಲ್ಲಿ ತೋರಾ ಓದುವ ಪದ್ಧತಿ ಬಂತು ಎನ್ನುತ್ತಾರೆ. ಜನರ ಬಾಯಾರಿಕೆಯನ್ನು ಅವರು ಇಷ್ಟು ಗೌರವದಿಂದ ಕಂಡದ್ದು ನನಗೆ ಬಹಳ ಹಿಡಿಸಿತು.

ಐದು ಗ್ರಂಥಗಳಲ್ಲಿ ಎರಡನೆಯದಾದ ವಿಮೋಚನಕಾಂಡದ 16ನೇ ಅಧ್ಯಾಯ ಇನ್ನೂ ಶ್ರೀಮಂತ. ಐಗುಪ್ತದಲ್ಲಿ ಮಾಂಸದ ಪಾತ್ರೆಗಳ ಬಳಿ ಕುಳಿತು ಹೊಟ್ಟೆತುಂಬ ತಿನ್ನುತ್ತಿದ್ದಾಗಲೇ ಸಾಯಬಾರದಿತ್ತೇ ಎನ್ನುತ್ತಾರೆ ಜನ. ಕೇಳಲು ಒರಟು ಮಾತು. ಆದರೆ ಹಿಂದಿನ ವಚನದಲ್ಲಿ ಒಂದು ತಾರೀಕು ಇದೆ: ಹೊರಟ ಮೇಲೆ ಎರಡನೆಯ ತಿಂಗಳ 15ನೇ ದಿನ. ತಾರೀಕು ಯಾಕೆ ಬೇಕಿತ್ತು? ಹಾಳೆ ತೆಗೆದು ನೋಡಿದರೆ ರಾಶಿಗೆ ತೊಡಕಾದದ್ದೂ ಅದೇ. ಐಗುಪ್ತದಿಂದ ಹೊತ್ತು ತಂದ ಹಿಟ್ಟು ಅಂದಿಗೆ ಮುಗಿಯಿತು, ಅದರಲ್ಲಿ 61 ಹೊತ್ತಿನ ಊಟ ಆಗಿತ್ತು ಎನ್ನುತ್ತಾರೆ ಅವರು. ಬರಿದಾದ ಹಿಟ್ಟಿನ ಚೀಲದ ಎದುರು ನಿಂತು ಮಕ್ಕಳಿಗೆ ಏನು ಕೊಡಲಿ ಎಂದು ಕೇಳುವ ತಾಯಂದಿರು ಕಣ್ಣೆದುರು ಬಂದ ಮೇಲೆ ಆ ಒರಟು ಮಾತು ಬೇರೆಯಾಗಿ ಕೇಳಿಸುತ್ತದೆ. ಅಲ್ಲಿಗೂ ರಾಶಿ ಎಲ್ಲವನ್ನೂ ಮಾಫಿ ಮಾಡುವುದಿಲ್ಲ. ರೊಟ್ಟಿ ಕೇಳಿದ್ದು ನ್ಯಾಯ, ಅದಿಲ್ಲದೆ ಬದುಕಲಾಗದು. ಮಾಂಸ ಕೇಳಿದ್ದು ನ್ಯಾಯವಲ್ಲ, ಅವರ ಬಳಿ ದನಕುರಿಗಳು ಬೇಕಾದಷ್ಟಿದ್ದವು. ಆದ್ದರಿಂದ ದೇವರು ರೊಟ್ಟಿಯನ್ನು ಬೆಳಗ್ಗೆ ಪ್ರಸನ್ನ ಮುಖದಿಂದಲೂ ಮಾಂಸಕ್ಕೆಂದು ಲಾವಕ್ಕಿಯನ್ನು ಸಂಜೆಗತ್ತಲಲ್ಲಿ ಮುನಿದ ಮುಖದಿಂದಲೂ ಕೊಟ್ಟನು. ಒಂದೇ ದೂರನ್ನು ಹೀಗೆ ಸೀಳಿ ಎರಡು ತೀರ್ಪು ಕೊಡಬಹುದೆಂದು ನಾನು ಕಲಿತದ್ದು ಇಲ್ಲಿ.

ಮುಂದಿನ ಅಧ್ಯಾಯದ ರೆಫೀದೀಮಿನಲ್ಲಿ ಇಬ್ನ್ ಎಜ್ರಾ ಇದನ್ನೇ ಜನರ ಮೇಲೆ ಪ್ರಯೋಗಿಸುತ್ತಾರೆ. ಆ ಸ್ಥಳಕ್ಕೆ ಮಸ್ಸಾ, ಮೆರೀಬಾ ಎಂದು ಎರಡು ಹೆಸರು ಯಾಕೆ? ಅಲ್ಲಿ ಎರಡು ಗುಂಪುಗಳಿದ್ದವು ಎಂಬುದು ಅವರ ಉತ್ತರ. ನೀರಿಲ್ಲದವರು ಮೋಶೆಯೊಡನೆ ಜಗಳಕ್ಕೆ ನಿಂತರು. ಹಿಂದಿನ ತಂಗುದಾಣದಿಂದ ನೀರು ತಂದಿಟ್ಟುಕೊಂಡಿದ್ದವರು ದೇವರನ್ನು ಪರೀಕ್ಷಿಸಿದರು. ಅಂದಿನಿಂದ ನನ್ನ ಪುಸ್ತಕದ ಮೊದಲನೆಯ ಸಾಲಿನಲ್ಲಿ ‘ಜನರು’ ಎಂದು ಬರೆದು ಮುಂದೆ ಹೋಗುವುದನ್ನು ನಿಲ್ಲಿಸಿದೆ.

ದೇವರೊಡನೆ ಒಡಂಬಡಿಕೆಯಾದ ಸೀನಾಯಿ ಬೆಟ್ಟದ ನಂತರ ಎಲ್ಲವೂ ಬದಲಾಗುತ್ತದೆ. ಬೆಟ್ಟಕ್ಕೆ ಮುಂಚೆ ನೀರು, ಅನ್ನ ಕೇಳಿದವರಿಗೆ ಅದು ದೊರೆಯಿತು, ಯಾರಿಗೂ ಪೆಟ್ಟು ಬೀಳಲಿಲ್ಲ. ಬೆಟ್ಟದ ನಂತರದ, ನಾಲ್ಕನೆಯ ಗ್ರಂಥವಾದ ಅರಣ್ಯಕಾಂಡದಲ್ಲಿ ಬೆಂಕಿ, ವ್ಯಾಧಿ, ಬಾಯ್ದೆರೆದ ಭೂಮಿ. ಬೆಟ್ಟದಿಂದ ಹೊರಟ ಆ ಜನರನ್ನು ಒಂದು ಹಳೆಯ ಮಿದ್ರಾಷ್ (ವಚನಗಳನ್ನು ಕಥೆ, ಸಾಮ್ಯಗಳಿಂದ ವಿವರಿಸುವ ಬರಹ), ಪಾಠಶಾಲೆಯಿಂದ ಓಡಿಹೋಗುವ ಮಗುವಿಗೆ ಹೋಲಿಸುತ್ತದೆ, ಅದನ್ನು ರಾಂಬಾನ್ ಎತ್ತಿ ಹೇಳುತ್ತಾರೆ. ಒಡಂಬಡಿಕೆಗೆ ಒಪ್ಪಿ ಬಂದವರಿಂದ ನಿರೀಕ್ಷೆ ಹೆಚ್ಚು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ನನಗೆ ಅದು ಅರ್ಧ ಮಾತ್ರ ಸಾಕೆನಿಸುತ್ತದೆ. ಕೇಳುವ ವಸ್ತುವೂ ಬದಲಾಗಿದೆ.

ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ ಅದು ಎದ್ದು ಕಾಣುತ್ತದೆ. ಇಲ್ಲಿ ಹಸಿವಿಲ್ಲ, ಆಕಾಶದಿಂದ ಇಳಿಯುವ ಆಹಾರವಾದ ಮನ್ನ ದಿನವೂ ಬೀಳುತ್ತಿದೆ. ಆದರೂ ಜನ ಅಳುತ್ತಾರೆ: ಐಗುಪ್ತದಲ್ಲಿ ಪುಕ್ಕಟೆ ತಿನ್ನುತ್ತಿದ್ದ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನಪಾಗುತ್ತಿದೆ, ಇಲ್ಲಿ ಮನ್ನ ಬಿಟ್ಟರೆ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. ಪುಕ್ಕಟೆ ಮೀನು! ಇಟ್ಟಿಗೆ ಮಾಡಲು ಹುಲ್ಲನ್ನೇ ಪುಕ್ಕಟೆ ಕೊಡದ ಐಗುಪ್ತದ ಅರಸ ಫರೋಹ ಮೀನು ಕೊಟ್ಟಾನೇ ಎಂದು ರಾಶಿ ಹಳೆಯ ಮಿದ್ರಾಷ್ ಹಿಡಿದು ಕೇಳುತ್ತಾರೆ. ಅವರ ಉತ್ತರ: ಆಜ್ಞೆಗಳ ಹೊರೆಯಿಲ್ಲದೆ ತಿಂದ ಊಟವೇ ಪುಕ್ಕಟೆ ಊಟ. ರಾಂಬಾನ್ ನೆಲದ ಮೇಲೆ ನಿಂತು ಮಾತಾಡುತ್ತಾರೆ. ಐಗುಪ್ತದ ಬೆಸ್ತರು ಬಲೆ ಎಳೆಯಲು ಇವರನ್ನು ದುಡಿಸಿ, ಹಿಡಿದ ಮೀನಿನಲ್ಲಿ ಒಂದಿಷ್ಟು ಕೊಡುತ್ತಿದ್ದರು, ಬಲೆ ಎಳೆಯುವವರಲ್ಲಿ ಅದು ವಾಡಿಕೆ. ಮಲ್ಪೆಯ ಬಂದರು ನೋಡಿ ಬೆಳೆದ ನಾನು ರಾಂಬಾನ್ ಪರ ವಾದಿಸಿದೆ, ಬಿಟ್ಟಿ ದುಡಿಮೆಯ ಕೊನೆಗೆ ಕೈಗೆ ಬಿದ್ದ ಮೀನು ನೆನಪಿನಲ್ಲಿ ಪುಕ್ಕಟೆಯಾಗಿ ಉಳಿಯುವುದು ಸಹಜವೆಂದು. ಸವ್ತಾ ರಾಶಿಯನ್ನು ಬಿಟ್ಟುಕೊಡಲಿಲ್ಲ. ಅವರ ಪ್ರಕಾರ ಆ ಜನ ಬೇಡವೆಂದದ್ದು ಮನ್ನವನ್ನಲ್ಲ, ಹೊಣೆಯನ್ನು.

ಆ ಅಧ್ಯಾಯದ ಏಳನೆಯ ವಚನಕ್ಕೆ ಬಂದಾಗ ಅಡುಗೆಮನೆಯಿಂದ ಕೊತ್ತಂಬರಿ ಬೀಜ ತಂದೆ, ನನ್ನ ಸಾರಿನ ಪುಡಿಗೆಂದು ಇಟ್ಟಿದ್ದು. ಮನ್ನ ಕೊತ್ತಂಬರಿ ಬೀಜದ ಹಾಗಿತ್ತು ಎನ್ನುತ್ತದೆ ವಚನ. ವಿಮೋಚನಕಾಂಡ ‘ಬಿಳುಪಾಗಿತ್ತು’ ಎಂದೂ ಸೇರಿಸುತ್ತದೆ. ಸವ್ತಾ ಬೀಜವನ್ನು ಬೆರಳ ನಡುವೆ ಹೊರಳಿಸಿ ಬಣ್ಣ ಯಾವುದೆಂದು ನನ್ನನ್ನು ಕೇಳಿದರು. ಕಂದು. ರಾಶಿ ಇದನ್ನು ಗಮನಿಸಿಯೇ ಬರೆದಿದ್ದಾರೆ: ಕೊತ್ತಂಬರಿ ಬೀಜ ಗುಂಡಗಿರುತ್ತದೆ, ಬೆಳ್ಳಗಿರುವುದಿಲ್ಲ, ಹೋಲಿಕೆ ಆಕಾರಕ್ಕೆ ಮಾತ್ರ, ಬಿಳುಪು ಮನ್ನದ್ದೇ. ಆದರೆ ಜನರ ಅಳುವಿನ ನಡುವೆ ಈ ವರ್ಣನೆ ಯಾಕೆ ನುಗ್ಗಿತು? ಜನರು ಒಂದು ಮಾತಾಡುತ್ತಿದ್ದಾರೆ, ದೇವರು ಇನ್ನೊಂದನ್ನು ಬರೆಸುತ್ತಿದ್ದಾನೆ ಎನ್ನುತ್ತಾರೆ ರಾಶಿ. ಲೋಕದವರೆಲ್ಲ ಬಂದು ನೋಡಿ, ನನ್ನ ಮಕ್ಕಳು ದೂರುತ್ತಿರುವುದು ಯಾವುದರ ಮೇಲೆ ಎಂದು. ಸಿಟ್ಟಿನ ನಡುವೆಯೂ ‘ನನ್ನ ಮಕ್ಕಳು’.

ಇದೇ ಅಧ್ಯಾಯದಲ್ಲಿ ದೂರುವವರ ಸಾಲಿಗೆ ಮೋಶೆಯ ಹೆಸರನ್ನೂ ಬರೆಯಬೇಕಾಗುತ್ತದೆ. ಈ ಜನರನ್ನೆಲ್ಲ ನಾನು ಹೆತ್ತೆನೇ, ಮೊಲೆಗೂಸನ್ನು ಎತ್ತಿಕೊಳ್ಳುವ ದಾದಿಯಂತೆ ಇವರನ್ನು ಎದೆಗವಚಿ ಹೊರಬೇಕೇ, ಇದಕ್ಕಿಂತ ನನ್ನನ್ನು ಕೊಂದುಬಿಡು ಎನ್ನುತ್ತಾನೆ. ಅವನಿಗೂ ಶಿಕ್ಷೆಯಿಲ್ಲ, 70 ಹಿರಿಯರ ನೆರವು ಸಿಗುತ್ತದೆ. ಆರೈಕೆಯ ಕೆಲಸ ಮಾಡುವವರು ಈ ವಚನಗಳನ್ನು ಓದಬೇಕು. ಭಾರ ಹೆಚ್ಚಾಯಿತು ಎಂದು ಹೇಳುವುದಕ್ಕೆ ತೋರಾದಲ್ಲಿ ಜಾಗವಿದೆ.

ಗೂಢಚಾರರ ಕಥೆ ಹೀಗಿದೆ. ಹೋಗಬೇಕಾದ ನಾಡನ್ನು ನೋಡಲು ಹನ್ನೆರಡು ಮಂದಿ 40 ದಿನ ಸುತ್ತಿ ಬಂದರು, ಹತ್ತು ಮಂದಿ ಎದೆಗುಂದಿಸಿದರು, ಜನ ರಾತ್ರಿಯಿಡೀ ಅತ್ತರು. ಆ ರಾತ್ರಿ ಯೆಹೂದಿ ಪಂಚಾಂಗದ ಆವ್ ತಿಂಗಳ ಒಂಬತ್ತನೆಯದು, ಮುಂದೆ ಜೆರುಸಲೇಮಿನ ದೇವಾಲಯ ನಾಶವಾದ ತಾರೀಕು ಎಂದು ತಾಲ್ಮೂದ್ ಹೇಳುತ್ತದೆ. ‘ನನ್ನನ್ನು ಹತ್ತು ಸಾರಿ ಪರೀಕ್ಷಿಸಿದರು’ ಎಂಬ ದೇವರ ಮಾತು ಬರುವುದೂ ಇಲ್ಲೇ. ತಾಲ್ಮೂದ್ ಆ ಹತ್ತನ್ನು ಎಣಿಸುತ್ತದೆ: ಸಮುದ್ರದ ಬಳಿ ಎರಡು, ನೀರಿಗೆ ಎರಡು, ಮನ್ನಕ್ಕೆ ಎರಡು, ಲಾವಕ್ಕಿಗೆ ಎರಡು, ಚಿನ್ನದ ಕರುವನ್ನು ಪೂಜಿಸಿದ್ದು ಒಂದು, ಗೂಢಚಾರರದು ಒಂದು. ನನ್ನ ಪುಸ್ತಕದೊಂದಿಗೆ ಇದನ್ನು ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಕಾದೇಶ್ ಎಂಬ ತಂಗುದಾಣದ 20ನೇ ಅಧ್ಯಾಯದಲ್ಲಿ ನನ್ನ ನಾಲ್ಕು ಸಾಲುಗಳು ತಲೆಕೆಳಗಾದವು. ಹಿಂದಿನ ವಚನ ಮೋಶೆಯ ಅಕ್ಕ ಮಿರ್ಯಾಮಳ ಸಾವು; ಕೂಡಲೇ ನೀರಿಲ್ಲ. ಅವಳ ಪುಣ್ಯದಿಂದ ಬಾವಿ ಇತ್ತು, ಅವಳು ಹೋದಳು, ಬಾವಿಯೂ ಹೋಯಿತು ಎನ್ನುತ್ತದೆ ತಾಲ್ಮೂದ್. ದೂರುತ್ತಿರುವವರು ಹಳಬರಲ್ಲ, ಗೂಢಚಾರರ ಮಾತು ನಂಬಿದ್ದಕ್ಕೆ ಮರುಭೂಮಿಯಲ್ಲೇ ಸಾಯಬೇಕೆಂಬ ಶಿಕ್ಷೆ ಪಡೆದ ತಲೆಮಾರು ಅಷ್ಟರಲ್ಲಿ ಮುಗಿದಿತ್ತು ಎಂದು ರಾಶಿ ನೆನಪಿಸುತ್ತಾರೆ. ಇವರು ಮರುಭೂಮಿಯಲ್ಲೇ ಬೆಳೆದ ಮಕ್ಕಳು, ನಿಜವಾಗಿ ಬಾಯಾರಿದವರು. ದೇವರು ಅವರ ಮೇಲೆ ಸಿಟ್ಟಾಗುವುದಿಲ್ಲ. ಬಂಡೆಯೊಡನೆ ಮಾತಾಡಿ ನೀರು ಕೊಡು ಎನ್ನುತ್ತಾನೆ, ಅಷ್ಟೇ. ಶಿಕ್ಷೆಯಾದದ್ದು ಮೋಶೆಗೆ, ಅವನ ಅಣ್ಣ ಆರೋನನಿಗೆ: ಹೋಗಬೇಕಾದ ನಾಡನ್ನು ಅವರು ಸೇರುವಂತಿಲ್ಲ. ಯಾಕೆಂಬುದು ದೊಡ್ಡ ವಾಗ್ವಾದ. ಬಂಡೆಯೊಡನೆ ಮಾತಾಡಬೇಕಿತ್ತು, ಮೋಶೆ ಅದನ್ನು ಹೊಡೆದ ಎನ್ನುತ್ತಾರೆ ರಾಶಿ. ‘ದ್ರೋಹಿಗಳೇ ಕೇಳಿರಿ’ ಎಂದು ಜನರ ಮೇಲೆ ಕೋಪ ತೋರಿದ್ದೇ ತಪ್ಪು ಎನ್ನುತ್ತಾರೆ 12ನೇ ಶತಮಾನದ ಪಂಡಿತ ಮೈಮೋನಿದಿಸ್. ‘ನಾವು ನೀರು ಬರಿಸಬೇಕೋ’ ಎಂದು ಪವಾಡವನ್ನು ತಮ್ಮದಾಗಿ ಹೇಳಿಕೊಂಡರು ಎಂಬುದು ರಾಂಬಾನ್ ಒಲವು. ನಾನು ಮೈಮೋನಿದಿಸರ ಕಡೆ. ನೀರು ಕೇಳಿದವನನ್ನು ದ್ರೋಹಿ ಎನ್ನಬಾರದು. ಈ ಗ್ರಂಥ ಮಾರಾದಿಂದ ಇಲ್ಲಿಯವರೆಗೂ ಅದನ್ನೇ ತೋರಿಸಿಕೊಂಡು ಬಂದಿದೆ.

ತಂಗುದಾಣಗಳ ಪಟ್ಟಿಯಿರುವ 33ನೇ ಅಧ್ಯಾಯವನ್ನು ಬಹಳ ಮಂದಿ ದಾಟಿಸಿ ಓದುತ್ತಾರೆ. ಹಾಗೆ ಮಾಡಬೇಡಿ. ರಾಶಿ 42 ತಂಗುದಾಣಗಳ ಲೆಕ್ಕ ಹಾಕಿ, ಮೊದಲ ವರ್ಷದವು ಮತ್ತು ಕೊನೆಯ ವರ್ಷದವು ಕಳೆದರೆ ನಡುವಿನ 38 ವರ್ಷಗಳಿಗೆ 20 ಮಾತ್ರ ಉಳಿಯುತ್ತವೆ, ಶಿಕ್ಷೆಯ ಕಾಲದಲ್ಲೂ ಅವರನ್ನು ಸದಾ ಅಲೆಸಲಿಲ್ಲ ಎನ್ನುತ್ತಾರೆ. ಪಟ್ಟಿಗೆ ಒಂದು ಸಾಮ್ಯವನ್ನೂ ಕೊಡುತ್ತಾರೆ. ಕಾಯಿಲೆಯ ಮಗನನ್ನು ದೂರದೂರಿಗೆ ಚಿಕಿತ್ಸೆಗೆ ಕರೆದೊಯ್ದ ಅರಸ ಮರಳುವಾಗ ದಾರಿಯನ್ನು ಎಣಿಸುತ್ತಾನೆ: ಇಲ್ಲಿ ಮಲಗಿದೆವು, ಇಲ್ಲಿ ಚಳಿ ಹಿಡಿಯಿತು, ಇಲ್ಲಿ ನಿನಗೆ ತಲೆ ನೋಯಿತು. ‘ನೀನು ಅರಣ್ಯದಲ್ಲಿ ನನ್ನ ಹಿಂದೆ ಬಂದ ಪ್ರೀತಿ ನನಗೆ ನೆನಪಿದೆ’ ಎಂದು ಯೆರೆಮೀಯ ಹೇಳುವುದು ಇದೇ ವರ್ಷಗಳ ಬಗ್ಗೆ. ಆ ಪ್ರವಾದಿಯ ವಚನವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅರಣ್ಯಕಾಂಡ ಓದುವುದಿಲ್ಲ ನಾನು.

ನಾವು ಹೆಚ್ಚು ವಾದಿಸಿದ್ದು 21ನೇ ಅಧ್ಯಾಯದ ಮೇಲೆ. ಅಲ್ಲಿ ಕೊನೆಯ ದೂರು ಬರುತ್ತದೆ, ಮನ್ನವನ್ನು ತುಚ್ಛವಾಗಿ ಕಂಡದ್ದಕ್ಕೆ ಸರ್ಪಗಳು ಕಚ್ಚುತ್ತವೆ, ಜನ ತಾವಾಗಿ ಬಂದು ‘ಪಾಪ ಮಾಡಿದೆವು’ ಎನ್ನುತ್ತಾರೆ. ಕೆಲವೇ ವಚನಗಳ ನಂತರ ಬೇರ್ ಎಂಬ ಜಾಗ. ಅಲ್ಲಿ ಯಾರೂ ಗುಣುಗುಟ್ಟುವುದಿಲ್ಲ. ಜನರನ್ನು ಕೂಡಿಸು, ನೀರು ಕೊಡುತ್ತೇನೆ ಎಂದು ದೇವರೇ ಮೊದಲು ಹೇಳುತ್ತಾನೆ. ಆಗ ಇಸ್ರಾಯೇಲ್ಯರು ‘ಬಾವಿಯೇ, ಉಕ್ಕಿ ಬಾ’ ಎಂದು ಹಾಡುತ್ತಾರೆ. ಸಮುದ್ರದ ಬಳಿ ಮೋಶೆ ಹಾಡಿದ, ಜನ ಜೊತೆಗೂಡಿದರು. ಇಲ್ಲಿ ಮೋಶೆಯ ಹೆಸರಿಲ್ಲ. ಬಾವಿಯ ನಿಮಿತ್ತ ಪೆಟ್ಟು ತಿಂದವನಾದ್ದರಿಂದ ಹೆಸರು ಬರಲಿಲ್ಲ ಎನ್ನುತ್ತಾರೆ ರಾಶಿ. ಮಕ್ಕಳು ತಾವೇ ಹಾಡುವಷ್ಟು ಬೆಳೆದಿದ್ದರು, ಹಾಡಿಸುವವನ ಅಗತ್ಯವಿರಲಿಲ್ಲ ಎಂಬುದು ಸವ್ತಾ ವಾದ. ಇಲ್ಲಿ ಮಾತ್ರ ಅವರು ರಾಶಿಯನ್ನು ಬಿಟ್ಟುಕೊಟ್ಟರು. ನಾನು ಇಲ್ಲಿ ರಾಶಿಯ ಪರ ನಿಂತೆ. ಹಿಂದಿನ ಅಧ್ಯಾಯದ ತೀರ್ಪು ಇನ್ನೂ ಹಸಿಯಾಗಿರುವಾಗ ಮೋಶೆ ಈ ನೀರಿಗೆ ಹಾಡುವುದು ನನ್ನಿಂದ ಊಹಿಸಲಾಗುವುದಿಲ್ಲ.